ಕೋಷ್ಟಕದ ಕಾಲಂಗಳನ್ನು ತೀರ್ಮಾನಿಸುವವರು ಯಾರು?

ಇತಿಹಾಸ, ಸಮಾಜಶಾಸ್ತ್ರ, ಜೀವವಿಜ್ಞಾನ, ಅರ್ಥಶಾಸ್ತ್ರ, ಸಾಹಿತ್ಯ ಹೀಗೆ ವಿಶ್ವವಿದ್ಯಾಲಯದ ಯಾವ ವಿಭಾಗದ ವಿದ್ಯಾರ್ಥಿಗಳ ಪ್ರಾಜೆಕ್ಟ್ ತೆಗೆದು ನೋಡಿದರೂ ಅದರ ತಳದಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ನಕ್ಷೆ, ಗ್ರಾಫ್, ವೆಬ್ ಪುಟ, ಸ್ಲೈಡುಗಳು ಎಲ್ಲವೂ ಆ ಕೋಷ್ಟಕದ ಮೇಲೆ ಕಟ್ಟಿದವು. ನೋಡುವವರ ಕಣ್ಣು ಮೊದಲು ಹೋಗುವುದು ಮೇಲಿನ ಕಟ್ಟಡಕ್ಕೆ. ಅಂಕಗಳು ಬೀಳುವುದೂ ಬಹುಮಟ್ಟಿಗೆ ಅದಕ್ಕೇ. ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಕೂಡಿ ಮಾಡುವ ಪ್ರಾಜೆಕ್ಟ್‌ಗಳಿಗೆ ಮಾರ್ಗದರ್ಶನ ಮಾಡುತ್ತ ಬಂದಿರುವ ನನಗೆ ಮಾತ್ರ, ಕಲಿಕೆಯ ತಿರುಳು ಇರುವುದು ಕೆಳಗಿನ ಕೋಷ್ಟಕದಲ್ಲಿಯೇ ಎಂಬ ನಂಬಿಕೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತಿದೆ. ಅದರಲ್ಲಿಯೂ, ಆ ಕೋಷ್ಟಕಕ್ಕೆ ಯಾವ ಯಾವ ಕಾಲಂಗಳು ಬೇಕು ಎಂದು ತಂಡದವರು ಕುಳಿತು ವಾದಿಸುವ ಹೊತ್ತಿನಷ್ಟು ಬೆಲೆಯುಳ್ಳ ಹೊತ್ತು ಇಡೀ ಪ್ರಾಜೆಕ್ಟಿನಲ್ಲಿ ಇನ್ನೊಂದಿಲ್ಲ.

ಹಳೆಯ ಪತ್ರಗಳ ಸಂಗ್ರಹವೊಂದನ್ನು ಆಧರಿಸಿ, ಯಾರು ಯಾರಿಗೆ ಎಷ್ಟು ಬರೆಯುತ್ತಿದ್ದರು, ಕಾಲ ಕಳೆದಂತೆ ಆ ಸಂಬಂಧಗಳು ಹೇಗೆ ಬದಲಾದವು ಎಂದು ತೋರಿಸಬಯಸುವ ಒಂದು ತಂಡವನ್ನು ಊಹಿಸಿಕೊಳ್ಳೋಣ. ಬರೆದವರು, ಪಡೆದವರು, ದಿನಾಂಕ, ಸ್ಥಳ ಎಂಬ ನಾಲ್ಕು ಕಾಲಂಗಳು ಸಾಕೆಂದು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗೆ ಸಹಜವಾಗಿಯೇ ಅನ್ನಿಸುತ್ತದೆ, ಏಕೆಂದರೆ ಅವನ ಪ್ರೋಗ್ರಾಮಿಗೆ ಬೇಕಾದದ್ದು ಅಷ್ಟೇ. ಪತ್ರಗಳನ್ನು ಓದಿರುವ ಇತಿಹಾಸದ ವಿದ್ಯಾರ್ಥಿನಿಗೆ ಅದು ಸಾಲದೆಂಬುದು ಗೊತ್ತು. ಹಲವು ಪತ್ರಗಳಲ್ಲಿ ದಿನಾಂಕವೇ ಇಲ್ಲ. ಕೆಲವದರಲ್ಲಿ ತಿಂಗಳಿದೆ, ವರ್ಷವಿಲ್ಲ. ಇನ್ನು ಕೆಲವದಕ್ಕೆ ನಂತರದ ಸಂಪಾದಕರು ಊಹಿಸಿ ಹಾಕಿದ ವರ್ಷವಿದೆ. ದಿನಾಂಕದ ಕಾಲಂ ಪೂರ್ಣ ದಿನಾಂಕವನ್ನೇ ಕೇಳುವಂತಿದ್ದರೆ ಇಂಥ ಪತ್ರಗಳನ್ನು ಕೈಬಿಡಬೇಕಾಗುತ್ತದೆ, ಇಲ್ಲವೇ ಮೂಲದಲ್ಲಿ ಇಲ್ಲದ ನಿಖರತೆಯನ್ನು ನಾವೇ ತಂದು ತುಂಬಬೇಕಾಗುತ್ತದೆ. ವಾದ ಮುಂದುವರಿದಂತೆ ಆ ಒಂದು ಕಾಲಂ ಮೂರಾಗುತ್ತದೆ: ಪತ್ರ ಯಾವ ದಿನಕ್ಕಿಂತ ಮೊದಲಿನದಲ್ಲ, ಯಾವ ದಿನದ ನಂತರದ್ದಲ್ಲ, ಹಾಗೆಂದು ನಮಗೆ ತಿಳಿದದ್ದು ಎಲ್ಲಿಂದ. ಅಷ್ಟರಲ್ಲಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿ ಖಾಲಿ ಬಿಟ್ಟ ಸೆಲ್‌ಗಳ ಬಗ್ಗೆ ಕೇಳುತ್ತಾನೆ. ಸ್ಥಳದ ಜಾಗ ಖಾಲಿ ಇದ್ದರೆ, ಪತ್ರ ಬರೆದವರು ಸ್ಥಳವನ್ನು ನಮೂದಿಸಿಲ್ಲವೆಂದು ಅರ್ಥವೋ, ನಮೂದಿಸಿದ್ದರೂ ಶಾಯಿ ಮಾಸಿ ಓದಲಾಗುತ್ತಿಲ್ಲವೆಂದು ಅರ್ಥವೋ, ಅಥವಾ ಆ ಪತ್ರವನ್ನು ನಾವೇ ಇನ್ನೂ ನೋಡಿಲ್ಲವೆಂದು ಅರ್ಥವೋ? ಈ ಮೂರೂ ಬೇರೆ ಬೇರೆ ಸಂಗತಿಗಳು, ಮೂರಕ್ಕೂ ಬೇರೆ ಬೇರೆ ಗುರುತು ಬೇಕು.

ಇಂಥ ಚರ್ಚೆ ನಡೆಯುವಾಗ ಒಂದು ವಿಭಾಗದವರು ಇನ್ನೊಂದು ವಿಭಾಗದವರಿಗೆ ಪಾಠ ಹೇಳುತ್ತಿದ್ದಾರೆಂದು ಅವರಿಗೇ ಅನ್ನಿಸುವುದಿಲ್ಲ. ಆದರೂ, ಇತಿಹಾಸಕಾರರು ಆಕರವನ್ನು ಹೇಗೆ ಪರೀಕ್ಷಿಸುತ್ತಾರೆ ಎಂಬುದು ಕಂಪ್ಯೂಟರ್ ವಿದ್ಯಾರ್ಥಿಗೂ, ಎಣಿಸುವುದಕ್ಕೆ ಮೊದಲು ಏನನ್ನು ಖಚಿತಪಡಿಸಿಕೊಳ್ಳಬೇಕು ಎಂಬುದು ಇತಿಹಾಸದ ವಿದ್ಯಾರ್ಥಿನಿಗೂ ತಿಳಿಯುವುದು ಅಲ್ಲಿಯೇ. ಹಲವು ಶಾಸ್ತ್ರಗಳನ್ನು ಬೆಸೆಯಬೇಕೆಂದು ಪಠ್ಯಕ್ರಮಗಳು ಹೇಳುತ್ತಲೇ ಇರುತ್ತವೆ. ಆ ಬೆಸುಗೆ ಕಣ್ಣಿಗೆ ಕಾಣುವ ಕೆಲಸವಾಗಿ ನಡೆಯುವ ಜಾಗ ನನಗೆ ಗೊತ್ತಿರುವುದು ಇದೊಂದೇ.

ತರಗತಿಯ ಪ್ರಾಜೆಕ್ಟ್ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವ ಪ್ರಸಂಗ ಅರ್ಥಶಾಸ್ತ್ರದ್ದು. 2010ರಲ್ಲಿ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು ದೇಶಗಳ ಸಾಲ ಮತ್ತು ಬೆಳವಣಿಗೆಯ ಸಂಬಂಧವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಮುಂದುವರಿದ ದೇಶಗಳಲ್ಲಿ ಸರ್ಕಾರದ ಸಾಲ ಜಿಡಿಪಿಯ ಶೇ. 90ನ್ನು ದಾಟಿದಾಗ ಬೆಳವಣಿಗೆಯ ಸರಾಸರಿ ಸೊನ್ನೆಗಿಂತ ಕೆಳಗೆ, ಶೇ. -0.1ಕ್ಕೆ ಇಳಿಯುತ್ತದೆ ಎಂದು ಅದರ ಲೆಕ್ಕ ಹೇಳುತ್ತಿತ್ತು. ಸರ್ಕಾರಗಳು ಖರ್ಚು ಕಡಿತ ಮಾಡಬೇಕೆಂದು ವಾದಿಸುತ್ತಿದ್ದವರು ಈ ಪ್ರಬಂಧವನ್ನು ಧಾರಾಳವಾಗಿ ಉಲ್ಲೇಖಿಸಿದರು. ಅಮೆರಿಕದ ಆಮ್ಹರ್ಸ್ಟ್‌ನಲ್ಲಿರುವ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಥಾಮಸ್ ಹರ್ಂಡನ್‌ಗೆ ತರಗತಿಯಲ್ಲಿ ದೊರೆತ ಕೆಲಸ, ಪ್ರಕಟವಾದ ಒಂದು ಪ್ರಬಂಧವನ್ನು ಆಯ್ದುಕೊಂಡು ಅದರ ಫಲಿತಾಂಶವನ್ನು ತಾನೇ ಲೆಕ್ಕ ಹಾಕಿ ಮರಳಿ ಪಡೆಯುವುದು. ಅವರು ಆಯ್ದುಕೊಂಡದ್ದು ಈ ಪ್ರಬಂಧವನ್ನು. ಎಷ್ಟು ಪ್ರಯತ್ನಿಸಿದರೂ ಲೆಕ್ಕ ಹೊಂದಿಕೆಯಾಗಲಿಲ್ಲ. ಕೊನೆಗೆ ಲೇಖಕರಿಗೇ ಬರೆದು ಕೇಳಿದಾಗ ಅವರು ತಮ್ಮ ಎಕ್ಸೆಲ್ ಕಡತವನ್ನು ಕಳುಹಿಸಿಕೊಟ್ಟರು.

ಕಡತ ತೆರೆದು ನೋಡಿದಾಗ, ಸರಾಸರಿಯ ಸೂತ್ರವು ಇಪ್ಪತ್ತು ದೇಶಗಳ ಸಾಲುಗಳಲ್ಲಿ ಐದನ್ನು ಬಿಟ್ಟುಬಿಟ್ಟಿರುವುದು ಕಂಡಿತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್‌ಗಳು ಸೂತ್ರದ ವ್ಯಾಪ್ತಿಯಿಂದ ಹೊರಗೆ ಉಳಿದಿದ್ದವು. ಹರ್ಂಡನ್ ತಮ್ಮ ಅಧ್ಯಾಪಕರಾದ ಮೈಕೆಲ್ ಆಶ್ ಮತ್ತು ರಾಬರ್ಟ್ ಪೋಲಿನ್ ಅವರೊಂದಿಗೆ 2013ರಲ್ಲಿ ಪ್ರಕಟಿಸಿದ ತಿದ್ದುಪಡಿಯ ಪ್ರಕಾರ ಆ ಸರಾಸರಿ ಶೇ. 2.2. ಸೂತ್ರದಲ್ಲಿ ತಪ್ಪಾಗಿರುವುದನ್ನು ಮೂಲ ಲೇಖಕರು ಒಪ್ಪಿಕೊಂಡರು; ಹೆಚ್ಚಿನ ಸಾಲ ಮತ್ತು ಮಂದ ಬೆಳವಣಿಗೆ ಜೊತೆಜೊತೆಯಾಗಿ ಕಾಣುತ್ತವೆಂಬ ತಮ್ಮ ಒಟ್ಟು ನಿಲುವನ್ನು ಬಿಡಲಿಲ್ಲ.

ಎಕ್ಸೆಲ್‌ನ ಒಂದು ತಪ್ಪಿನಿಂದ ಹೀಗಾಯಿತೆಂದು ಈ ಕಥೆಯನ್ನು ಸಾಮಾನ್ಯವಾಗಿ ಮುಗಿಸಿಬಿಡುತ್ತಾರೆ. ಅಲ್ಲಿಗೆ ನಿಲ್ಲಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಎರಡು ಅಂಕಿಗಳ ನಡುವಿನ ಅಂತರದಲ್ಲಿ ಸೂತ್ರದ ತಪ್ಪಿನ ಪಾಲು ಚಿಕ್ಕದು. ಯಾವ ವರ್ಷಗಳ ಮಾಹಿತಿಯನ್ನು ಸೇರಿಸಬೇಕು, ಪ್ರತಿಯೊಂದು ದೇಶಕ್ಕೂ ಎಷ್ಟು ತೂಕ ಕೊಡಬೇಕು ಎಂಬ ತೀರ್ಮಾನಗಳ ಪಾಲು ಅದಕ್ಕಿಂತ ದೊಡ್ಡದು. ಬ್ರಿಟನ್ 19 ವರ್ಷಗಳ ಕಾಲ ಹೆಚ್ಚಿನ ಸಾಲದಲ್ಲಿದ್ದದ್ದಕ್ಕೂ, ನ್ಯೂಜಿಲೆಂಡಿನ ಒಂದೇ ಒಂದು ಕೆಟ್ಟ ವರ್ಷಕ್ಕೂ ಸರಾಸರಿಯಲ್ಲಿ ಸಮಾನ ತೂಕ ಸಿಕ್ಕಿತ್ತು. ಇದನ್ನು ಯಾವ ತಂತ್ರಾಂಶವೂ ತಪ್ಪೆಂದು ಕೆಂಪು ಗೆರೆ ಎಳೆದು ತೋರಿಸುವುದಿಲ್ಲ. ಸಾಲುಗಳು ದೇಶಗಳನ್ನು ಪ್ರತಿನಿಧಿಸಬೇಕೋ, ವರ್ಷಗಳನ್ನು ಪ್ರತಿನಿಧಿಸಬೇಕೋ ಎಂಬುದು ಅರ್ಥಶಾಸ್ತ್ರ ಬಲ್ಲವರು ಕುಳಿತು ಚರ್ಚಿಸಿ, ಕಾರಣ ಕೊಟ್ಟು, ಬರೆದಿಡಬೇಕಾದ ವಿಷಯ. ಲೇಖಕರು ಕಡತವನ್ನು ಹಂಚಿಕೊಂಡದ್ದರಿಂದ ಮಾತ್ರವೇ ಒಬ್ಬ ವಿದ್ಯಾರ್ಥಿಗೆ ಆ ಚರ್ಚೆಯನ್ನು ಮತ್ತೆ ತೆರೆಯಲು ಸಾಧ್ಯವಾಯಿತು ಎಂಬುದನ್ನೂ ಗೌರವದಿಂದ ನೆನೆಯಬೇಕು.

ಉಪಕರಣವೇ ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುವ ಸಂದರ್ಭಗಳೂ ಇವೆ. ತಳಿವಿಜ್ಞಾನದ ವಿದ್ಯಾರ್ಥಿಗಳು ಸೆಪ್ಟ್2, ಮಾರ್ಚ್1 ಎಂಬಂಥ ಜೀನ್‌ಗಳ ಹೆಸರುಗಳನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಅವು ಸೆಪ್ಟೆಂಬರ್ 2, ಮಾರ್ಚ್ 1 ಎಂಬ ದಿನಾಂಕಗಳಾಗಿಬಿಡುತ್ತಿದ್ದವು. 2016ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯು, ಎಕ್ಸೆಲ್ ರೂಪದಲ್ಲಿ ಜೀನ್‌ಗಳ ಪಟ್ಟಿಯನ್ನು ಲಗತ್ತಿಸಿದ್ದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಷ್ಟು ಇಂಥ ತಪ್ಪುಗಳನ್ನು ಹೊತ್ತಿವೆ ಎಂದು ತೋರಿಸಿತು. ಜೀನ್‌ಗಳಿಗೆ ಹೆಸರು ನಿಗದಿಪಡಿಸುವ ಅಂತರರಾಷ್ಟ್ರೀಯ ಸಮಿತಿ ಆ ಹೆಸರುಗಳನ್ನೇ ಬದಲಾಯಿಸಿತು. ಸೆಪ್ಟ್2 ಈಗ ಸೆಪ್ಟಿನ್2 ಆಗಿದೆ. ಕಚೇರಿಯ ಲೆಕ್ಕಪತ್ರಕ್ಕೆಂದು ಮಾಡಿದ ಉಪಕರಣವು ಜೀವವಿಜ್ಞಾನದ ಹೆಸರುಗಳನ್ನೇ ಬದಲಾಯಿಸುವಂತೆ ಮಾಡಿತೆಂದರೆ, ಪ್ರತಿಯೊಂದು ಉಪಕರಣವೂ ತಾನು ಹುಟ್ಟಿದ ಕಡೆಯ ಅಭ್ಯಾಸಗಳನ್ನು ತನ್ನೊಂದಿಗೆ ಹೊತ್ತು ತರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ 15,841 ಕೋವಿಡ್ ಪ್ರಕರಣಗಳು ದಿನನಿತ್ಯದ ಲೆಕ್ಕದಿಂದ ಬಿಟ್ಟುಹೋದದ್ದೂ ಇದೇ ಬಗೆಯದು. ಎಕ್ಸೆಲ್‌ನ ಹಳೆಯ ಕಡತ ಸ್ವರೂಪದ ಒಂದು ಹಾಳೆ 65,536 ಸಾಲುಗಳಿಗಿಂತ ಹೆಚ್ಚನ್ನು ಹಿಡಿಯುವುದಿಲ್ಲ. ಮಿತಿ ತಲುಪಿದ ಮೇಲೆ ಬಂದ ಸಾಲುಗಳು ಕಡತದೊಳಗೆ ಸೇರಲೇ ಇಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಕೋಷ್ಟಕ ತಮ್ಮದಲ್ಲವೆಂಬ ಭಾವನೆ ಇರುವುದುಂಟು. ಆದರೆ ಪಠ್ಯವನ್ನು ಯಂತ್ರದಿಂದ ಎಣಿಸುವ ಕೆಲಸದ ಮೂಲಪುರುಷರಲ್ಲಿ ಒಬ್ಬರು ಧರ್ಮಶಾಸ್ತ್ರ ಓದಿದ್ದ ಪಾದ್ರಿ. ಇಟಲಿಯ ರಾಬರ್ಟೋ ಬುಸಾ 1949ರಲ್ಲಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡು, ಸಂತ ಥಾಮಸ್ ಅಕ್ವಿನಾಸರ ಲ್ಯಾಟಿನ್ ಬರಹಗಳ ಪದಸೂಚಿಯನ್ನು ಸಿದ್ಧಪಡಿಸಲು ನೆರವು ಕೇಳಿದರು. ಸುಮಾರು 1.1 ಕೋಟಿ ಪದಗಳ ಆ ಕೆಲಸ ಮೂರು ದಶಕಗಳ ಕಾಲ ನಡೆದು 56 ಸಂಪುಟಗಳಲ್ಲಿ ಮುದ್ರಣವಾಯಿತು. ಪದಗಳನ್ನು ಯಂತ್ರ ಓದುವಂತೆ ತೂತುಗಳ ರೂಪದಲ್ಲಿ ಪಂಚ್ ಕಾರ್ಡ್ ಎಂಬ ರಟ್ಟುಗಳಲ್ಲಿ ಕೊರೆದವರು ಹೆಚ್ಚಿನಂಶ ಯುವತಿಯರು. ಅವರ ಹೆಸರುಗಳು ಬಹುಕಾಲ ಎಲ್ಲಿಯೂ ಕಾಣಿಸಲಿಲ್ಲ ಎಂಬುದನ್ನು, ತಂಡದ ಕೆಲಸದಲ್ಲಿ ಯಾರ ಶ್ರಮಕ್ಕೆ ಹೆಸರು ಸಿಗುತ್ತದೆ ಎಂದು ಯೋಚಿಸುವ ಯಾರೂ ಮರೆಯಬಾರದು. ಲ್ಯಾಟಿನ್ ಪದಗಳು ವಿಭಕ್ತಿ, ಕಾಲ, ವಚನಗಳಿಗೆ ತಕ್ಕಂತೆ ರೂಪ ಬದಲಿಸುವುದರಿಂದ ಒಂದೊಂದು ರೂಪವನ್ನೂ ಅದರ ಮೂಲ ಪದದ ಕೆಳಗೆ ಸೇರಿಸಬೇಕಾಗಿತ್ತು. ಆ ತೀರ್ಮಾನಗಳನ್ನು ಯಂತ್ರ ಮಾಡಲಿಲ್ಲ, ಭಾಷೆ ಬಲ್ಲವರು ಮಾಡಿದರು.

ಇಂದು ವೊಯಂಟ್‌ನಂಥ ಉಚಿತ ಉಪಕರಣಕ್ಕೆ ಒಂದು ಪಠ್ಯವನ್ನು ಕೊಟ್ಟರೆ ಕ್ಷಣದಲ್ಲಿ ಪದಗಳ ಎಣಿಕೆ ಬರುತ್ತದೆ. ಕನ್ನಡದ ಕಾದಂಬರಿಯೊಂದನ್ನು ಹಾಗೆ ಕೊಟ್ಟು ನೋಡಿದ ವಿದ್ಯಾರ್ಥಿಗೆ ‘ಮರ’, ‘ಮರದ’, ‘ಮರಕ್ಕೆ’, ‘ಮರಗಳಲ್ಲಿ’ ಎಂಬವು ನಾಲ್ಕು ಬೇರೆ ಬೇರೆ ಪದಗಳಾಗಿ ಕಾಣುತ್ತವೆ, ಸಂಧಿಯಾಗಿ ಕೂಡಿಕೊಂಡ ಪದಗಳಂತೂ ಎಲ್ಲೋ ಒಂದು ಮೂಲೆಯಲ್ಲಿ ಒಂದೊಂದೇ ಸಲ ಬಂದಂತೆ ಎಣಿಕೆಯಾಗುತ್ತವೆ. ಆ ಪಟ್ಟಿಯನ್ನು ಹಾಗೆಯೇ ನಂಬಿ ಪ್ರಬಂಧ ಬರೆದರೆ ಅದು ಪ್ರತ್ಯಯಗಳ ಬಗ್ಗೆ ಬರೆದ ಪ್ರಬಂಧವಾದೀತು. ಆದ್ದರಿಂದ ಕೋಷ್ಟಕದಲ್ಲಿ ಪಠ್ಯದಲ್ಲಿ ಕಂಡ ರೂಪಕ್ಕೆ ಒಂದು ಕಾಲಂ, ಅದರ ಮೂಲ ಪದಕ್ಕೆ ಇನ್ನೊಂದು ಕಾಲಂ ಬೇಕು. ಎರಡನೆಯದನ್ನು ತುಂಬಲು ವ್ಯಾಕರಣ ಓದಿದವರೇ ಬೇಕು, ಮತ್ತು ಅಲ್ಲಿ ಅವರು ತಂಡದ ಅತಿಥಿಗಳಲ್ಲ, ತಂಡದ ಆಧಾರಸ್ತಂಭ.

ನಕ್ಷೆಗಳ ಮಾತು ಬಂದಾಗ ಎಲ್ಲರೂ ಲಂಡನ್ನಿನ ವೈದ್ಯ ಜಾನ್ ಸ್ನೋ ಅವರ ಕಾಲರಾ ನಕ್ಷೆಯನ್ನು ತೋರಿಸುತ್ತಾರೆ. 2002ರಲ್ಲಿ ಆರಂಭವಾದ ಕ್ಯೂಜಿಐಎಸ್ ಎಂಬ, ನಕ್ಷೆ ತಯಾರಿಸುವ ಮುಕ್ತ ತಂತ್ರಾಂಶವನ್ನು ಕಲಿಯುವವರಲ್ಲಿ ಅನೇಕರ ಮೊದಲ ಅಭ್ಯಾಸವೂ ಅದೇ: 1854ರಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾದಿಂದ ಸತ್ತವರ ಮನೆಗಳು, ನಡುವೆ ಬ್ರಾಡ್ ಸ್ಟ್ರೀಟಿನ ನೀರಿನ ಪಂಪು. ನಕ್ಷೆ ಬಿಡಿಸಿದ ಕೂಡಲೇ ರಹಸ್ಯ ಬಯಲಾಯಿತು ಎಂಬ ಭಾವನೆಯೊಂದು ಈ ಅಭ್ಯಾಸದಿಂದ ಹುಟ್ಟುತ್ತದೆ, ಮತ್ತು ಅದು ನಿಜವಲ್ಲ. ರೋಗ ನೀರಿನಿಂದ ಹರಡುತ್ತದೆಂಬ ತರ್ಕವನ್ನು ಸ್ನೋ 1849ರಲ್ಲಿಯೇ ಮಂಡಿಸಿದ್ದರು. ಪಂಪಿನ ಹಿಡಿಕೆಯನ್ನು ತೆಗೆಸಿದ್ದು 1854ರ ಸೆಪ್ಟೆಂಬರ್ 8ರಂದು, ನಕ್ಷೆ ಸಿದ್ಧವಾದದ್ದು ಅದರ ನಂತರ. ಸಾವಿನ ದಾಖಲೆಯಿಂದ ಅವರಿಗೆ ದೊರೆತದ್ದು ಯಾರು, ಎಲ್ಲಿ, ಯಾವಾಗ ಎಂಬ ವಿವರ. ಅದಕ್ಕೆ ಅವರು ಮನೆಮನೆಗೆ ಹೋಗಿ ಸೇರಿಸಿದ ಹೊಸ ವಿವರವೇ ಮುಖ್ಯವಾದದ್ದು: ಈ ಮನೆಯವರು ಎಲ್ಲಿಯ ನೀರು ಕುಡಿಯುತ್ತಿದ್ದರು. ಪಂಪಿನ ಹತ್ತಿರವೇ ಇದ್ದ ಬಿಯರ್ ತಯಾರಿಕೆಯ ಕೆಲಸಗಾರರು ಆ ನೀರನ್ನು ಕುಡಿಯುತ್ತಿರಲಿಲ್ಲ, ಅವರು ಉಳಿದರು. ಹತ್ತಿರದ ವರ್ಕ್‌ಹೌಸಿಗೆ, ಅಂದರೆ ಬಡವರಿಗೆ ಆಶ್ರಯ ಕೊಟ್ಟು ಕೆಲಸ ಮಾಡಿಸುತ್ತಿದ್ದ ಮನೆಗೆ, ತನ್ನದೇ ಬಾವಿ ಇತ್ತು, ಅಲ್ಲಿ ಸಾವು ಬಹಳ ಕಡಿಮೆ. ಬಹುದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸಿಸುತ್ತಿದ್ದ ಒಬ್ಬ ವಿಧವೆ ಮಾತ್ರ ರುಚಿಗಾಗಿ ಬ್ರಾಡ್ ಸ್ಟ್ರೀಟಿನ ನೀರನ್ನೇ ತರಿಸಿ ಕುಡಿಯುತ್ತಿದ್ದರು, ಅವರು ಕಾಲರಾದಿಂದ ಸತ್ತರು. ಅತ್ಯಂತ ಬಲವಾದ ಸಾಕ್ಷ್ಯಗಳಲ್ಲಿ ಒಂದು ನಕ್ಷೆಯ ಅಂಚಿನಾಚೆ ಇತ್ತು! ಭೂಗೋಳದ ವಿದ್ಯಾರ್ಥಿಗಳು ಬಣ್ಣಗಳನ್ನೂ ಚುಕ್ಕೆಗಳ ಗಾತ್ರವನ್ನೂ ಆಯ್ದುಕೊಳ್ಳುವುದಕ್ಕೆ ಮೊದಲು, ತಮ್ಮ ಪ್ರಶ್ನೆಗೆ ‘ನೀರಿನ ಕಾಲಂ’ ಯಾವುದು, ಅದನ್ನು ತುಂಬಲು ಯಾರನ್ನು ಹೋಗಿ ಕೇಳಬೇಕು ಎಂದು ಕಂಡುಕೊಳ್ಳಬೇಕೆಂಬುದು ನನ್ನ ಒತ್ತಾಯ.

ಗೂಗಲ್ ಫಾರ್ಮ್ ಬಳಸಿ ನಡೆಸುವ ಸಮೀಕ್ಷೆಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪರಿಚಿತರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಲಿಂಕ್ ಕಳುಹಿಸಿ ಬಂದ ಉತ್ತರಗಳನ್ನು ‘ಯುವಜನರ ಅಭಿಪ್ರಾಯ’ ಎಂದು ಕರೆಯುವ ಪ್ರಾಜೆಕ್ಟ್‌ಗಳು ಎಲ್ಲ ವಿಭಾಗಗಳಲ್ಲಿಯೂ ಇವೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿ ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆಂದು ಸಾರಿತ್ತು. 48 ರಾಜ್ಯಗಳಲ್ಲಿ 46ನ್ನು ಗೆದ್ದವರು ರೂಸ್ವೆಲ್ಟ್. ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ವಿಳಾಸಗಳನ್ನು ಆಯ್ದಿದ್ದು, ಉತ್ತರಿಸುವ ಉತ್ಸಾಹ ಇದ್ದವರು ಮಾತ್ರ ಉತ್ತರಿಸಿದ್ದು, ಎರಡೂ ಸೇರಿ ಆ ಲೆಕ್ಕ ಕೆಟ್ಟಿತು. ಉತ್ತರ ಕೊಟ್ಟವರಿಗೆ ಲಿಂಕ್ ಯಾರ ಮೂಲಕ ತಲುಪಿತು ಎಂಬ ಒಂದು ಕಾಲಂ ಸೇರಿಸಿದರೂ ಸಾಕು, ತಮ್ಮ ಸಮೀಕ್ಷೆ ಯಾರ ಮಾತನ್ನು ಕೇಳಿದೆ ಎಂಬುದು ವಿದ್ಯಾರ್ಥಿಗಳಿಗೆ ತಾವಾಗಿಯೇ ಕಾಣಿಸುತ್ತದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕ ಬಳಕೆಗೆ ಬಂದ ಮೇಲೆ ಕೋಷ್ಟಕವನ್ನು ತುಂಬುವ ಕೆಲಸವನ್ನೇ ಅಂಥ ಉಪಕರಣಗಳಿಗೆ ವಹಿಸುವ ರೂಢಿ ಬೆಳೆದಿದೆ. ಅವುಗಳನ್ನು ಬಳಸಕೂಡದು ಎನ್ನುವವನು ನಾನಲ್ಲ; ನೂರಾರು ಪುಟಗಳ ವರದಿಯಿಂದ ಬೇಕಾದ ಭಾಗವನ್ನು ಹುಡುಕಲು, ಪ್ರೋಗ್ರಾಮಿನ ತಪ್ಪನ್ನು ತಿದ್ದಲು ಅವು ನಿಜವಾಗಿಯೂ ನೆರವಾಗುತ್ತವೆ. ಆದರೆ ಖಾಲಿ ಸೆಲ್ ಅನ್ನು ಖಾಲಿಯಾಗಿಯೇ ಬಿಡುವ ಸಂಯಮ ಅವುಗಳಲ್ಲಿ ಕಡಿಮೆ. ಮೂಲದಲ್ಲಿ ಸಿಗದ ವರ್ಷದ ಜಾಗದಲ್ಲಿ ನಂಬುವಂತೆ ತೋರುವ ಒಂದು ವರ್ಷ, ಇಲ್ಲದ ಲೇಖನದ ಜಾಗದಲ್ಲಿ ಇರಬಹುದೆನಿಸುವ ಒಂದು ಲೇಖನದ ಹೆಸರು ಬಂದು ಕೂರಬಹುದು. ನಾನು ಕೇಳುವುದು ಪ್ರತಿ ಸಾಲಿಗೂ ಮೂಲದ ಪುಟಸಂಖ್ಯೆ ಎಂಬ ಕಾಲಂ, ಮತ್ತು ಆ ಪುಟವನ್ನು ತೆರೆದು ನೋಡಿದ ವಿದ್ಯಾರ್ಥಿಯ ಹೆಸರು ಎಂಬ ಇನ್ನೊಂದು ಕಾಲಂ. 2006ರಿಂದ ಉಚಿತವಾಗಿ ಸಿಗುತ್ತಿರುವ ಜೊಟೆರೊದಂಥ ಆಕರ ನಿರ್ವಹಣೆಯ ತಂತ್ರಾಂಶವನ್ನು ಮೊದಲ ವಾರದಿಂದಲೇ ಬಳಸಿದರೆ ಈ ಕೆಲಸ ಭಾರವಾಗುವುದೂ ಇಲ್ಲ.

ತಂಡದೊಳಗಿನ ಕೆಲಸದ ಹಂಚಿಕೆಯ ಬಗ್ಗೆ ನನಗೆ ನಿಜವಾದ ಕಳವಳವಿದೆ. ಕಂಪ್ಯೂಟರ್ ಓದುವವನು ಕಂಪ್ಯೂಟರಿನ ಕೆಲಸ ಮಾಡಲಿ, ಸಾಹಿತ್ಯ ಓದುವವಳು ವರದಿ ಬರೆಯಲಿ, ಕಲೆ ಓದುವವನು ಸ್ಲೈಡುಗಳನ್ನು ಅಂದಗೊಳಿಸಲಿ ಎಂಬ ಹಂಚಿಕೆ ಎಲ್ಲರಿಗೂ ಸುಲಭ, ಅವಧಿಯೊಳಗೆ ಕೆಲಸ ಮುಗಿಯುತ್ತದೆ. ಹಾಗೆ ಮಾಡಿದಾಗ ಪ್ರತಿಯೊಬ್ಬರೂ ತಮಗೆ ಮೊದಲೇ ಬರುತ್ತಿದ್ದದ್ದನ್ನು ಮಾಡಿ ಹೊರಬರುತ್ತಾರೆ. ವರದಿ ಬರೆದವಳಿಗೆ ಸಂಖ್ಯೆ ಎಲ್ಲಿಂದ ಬಂತೆಂದು ತಿಳಿದಿರುವುದಿಲ್ಲ. ಸಂಖ್ಯೆ ತೆಗೆದವನಿಗೆ ಅದರ ಅರ್ಥವೇನೆಂದು ತಿಳಿದಿರುವುದಿಲ್ಲ. ಇದನ್ನು ತಡೆಯಲು ನಾನು ಕಂಡುಕೊಂಡಿರುವ ದಾರಿ ಸರಳವಾದದ್ದು: ಕೋಷ್ಟಕದ ಮೊದಲ ಕೆಲವು ಸಾಲುಗಳನ್ನು ತಂಡದ ಪ್ರತಿಯೊಬ್ಬರೂ ಬೇರೆ ಬೇರೆಯಾಗಿ, ಒಬ್ಬರದನ್ನು ಇನ್ನೊಬ್ಬರು ನೋಡದೆ ತುಂಬಬೇಕು. ಒಂದೇ ಪತ್ರಕ್ಕೆ, ಒಂದೇ ಸಂದರ್ಶನಕ್ಕೆ, ಒಂದೇ ಸಸ್ಯದ ಮಾದರಿಗೆ ಬೇರೆ ಬೇರೆ ಉತ್ತರ ಬರೆದಿರುವುದು ಆಗ ಬೆಳಕಿಗೆ ಬರುತ್ತದೆ. ಆ ವ್ಯತ್ಯಾಸಗಳನ್ನು ಚರ್ಚಿಸಿ, ಕಾಲಂನ ವಿವರಣೆಯನ್ನು ತಿದ್ದಿ ಬರೆದ ಮೇಲೆ ಮಾತ್ರ ಉಳಿದ ಸಾಲುಗಳನ್ನು ಹಂಚಿಕೊಳ್ಳಬಹುದು. ಸಮಾಜವಿಜ್ಞಾನಗಳಲ್ಲಿ ಬಹುಕಾಲದಿಂದ ಇರುವ ಈ ಕ್ರಮವನ್ನು ಇತರ ವಿಭಾಗದವರು ಯಾವ ಸಂಕೋಚವೂ ಇಲ್ಲದೆ ಎರವಲು ಪಡೆಯಬೇಕು.

ಮೌಲ್ಯಮಾಪನ ಬದಲಾಗದೆ ಇದಾವುದೂ ನಿಲ್ಲುವುದಿಲ್ಲ. ಕೊನೆಯ ದಿನದ ಪ್ರದರ್ಶನಕ್ಕೆ ಹೆಚ್ಚಿನ ಅಂಕ ಇಟ್ಟರೆ ವಿದ್ಯಾರ್ಥಿಗಳ ಶ್ರಮ ಪ್ರದರ್ಶನಕ್ಕೇ ಹರಿಯುತ್ತದೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಪ್ರಾಜೆಕ್ಟಿನೊಂದಿಗೆ ತಿದ್ದದೆ ಇಟ್ಟ ಮೂಲ ಮಾಹಿತಿಯ ಕಡತ, ತಿದ್ದಿದ ಕಡತ, ಒಂದರಿಂದ ಇನ್ನೊಂದಕ್ಕೆ ಹೋದ ಹೆಜ್ಜೆಗಳ ವಿವರ, ಪ್ರತಿ ಕಾಲಂಗೂ ಎರಡು ಸಾಲಿನ ವಿವರಣೆ ಇವುಗಳನ್ನು ಕೇಳುತ್ತೇನೆ, ಮತ್ತು ಅಂಕಗಳ ದೊಡ್ಡ ಭಾಗವನ್ನು ಅವಕ್ಕೇ ಮೀಸಲಿಡುತ್ತೇನೆ. ಬಲ್ಲವರು ಹೆಜ್ಜೆಗಳ ದಾಖಲೆಗೆ, ಕಡತದ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ತಂತ್ರಾಂಶವನ್ನು ಬಳಸುತ್ತಾರೆ. ಉಳಿದವರಿಗೆ ದಿನಾಂಕ ಹಾಕಿ ಬರೆದ ಸಾದಾ ಟಿಪ್ಪಣಿ ಸಾಕು. ಅವಧಿ ಮುಗಿಯಲು ಇನ್ನೂ ಎರಡು ವಾರಗಳಿರುವಾಗ ಈ ಕಡತಗಳು ಬೇರೆ ವಿಭಾಗದ ಮತ್ತೊಂದು ತಂಡದ ಕೈಗೆ ಹೋಗುತ್ತವೆ. ಆ ತಂಡದವರು ಯಾರನ್ನೂ ಕೇಳದೆ, ಟಿಪ್ಪಣಿಯನ್ನು ಮಾತ್ರ ನೋಡಿಕೊಂಡು, ವರದಿಯ ಒಂದು ಮುಖ್ಯ ಸಂಖ್ಯೆಯನ್ನು ಮರಳಿ ಪಡೆಯಲು ಪ್ರಯತ್ನಿಸಬೇಕು. ಸಂಖ್ಯೆ ಹೊಂದಿಕೆಯಾಗದಿದ್ದರೆ ಎರಡೂ ತಂಡಗಳು ಒಟ್ಟಿಗೆ ಕುಳಿತು, ವ್ಯತ್ಯಾಸ ಯಾವ ಸಾಲಿನಲ್ಲಿ, ಯಾವ ತೀರ್ಮಾನದಲ್ಲಿ ಹುಟ್ಟಿತೆಂದು ಹುಡುಕಿ ಒಂದು ಪುಟ ಬರೆದುಕೊಡಬೇಕು, ಆ ಪುಟದ ಅಂಕ ಎರಡೂ ತಂಡಗಳಿಗೆ ಸಮನಾಗಿ ಸೇರುತ್ತದೆ.